ಹಾಲುತುಪ್ಪದ ದಿನ ಬಂದ ಎರಡು ಗೀಟು

ಊರಿನಿಂದ ನಮ್ಮ ಮನೆಗೆ ಬಂದಿದ್ದ ಅತ್ತೆ ಒಂದು ಬೆಳಿಗ್ಗೆ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಯಾಕೆ ಅಂತ ಕೇಳುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು. ಬಚ್ಚಲಮನೆ ಕಿಟಕಿಯ ಮೇಲೆ ನಾನು ಮರೆತುಬಂದಿದ್ದ ಪೇಪರ್ ಕಡ್ಡಿ ಅವರ ಕೈಯಲ್ಲಿತ್ತು. ಅದರ ಮೇಲೆ ಎರಡು ಗೀಟು. ಸೀರಿಯಲ್‌ನಲ್ಲಿ ನೋಡಿದ್ದರಲ್ಲ, ಎರಡು ಗೀಟು ಬಂದರೆ ಸೊಸೆ ಬಸುರಿ.

ಅದು ಆ ಕಡ್ಡಿಯಲ್ಲ. ಅಂಡ ಬಿಡುಗಡೆಯಾಗುವ ಹೊತ್ತು ಹತ್ತಿರ ಬಂತಾ ಅಂತ ನೋಡುವ ಓವ್ಯುಲೇಶನ್ ಕಿಟ್‌ನದು. ಅದರಲ್ಲಿ ಎರಡನೇ ಗೀಟು ಎಷ್ಟೋ ದಿನ ತೆಳ್ಳಗೆ ಇದ್ದೇ ಇರುತ್ತದೆ. ಮೊದಲನೆಯದರಷ್ಟೇ ಗಾಢವಾದರೆ ಮಾತ್ರ ಅರ್ಥ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಇದನ್ನೆಲ್ಲ ಅತ್ತೆಗೆ ಹೇಳುವುದು ಹೇಗೆ? ಹೇಳಿದೆ. ಅವರು ಕಡ್ಡಿಯನ್ನು ಇದ್ದ ಜಾಗದಲ್ಲೇ ಇಟ್ಟು, ಇದೂ ಒಂಥರಾ ಪಂಚಾಂಗ ಅನ್ನು ಎಂದು ಅಡುಗೆಮನೆಗೆ ಹೋದರು. ಆವತ್ತು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.

ನಾನು ಮಾಲೂರಿನಲ್ಲಿ ಹೈಸ್ಕೂಲ್ ಟೀಚರ್. ಆಗ ಮೂವತ್ತಾರು ವಯಸ್ಸು, ಮದುವೆಯಾಗಿ ಏಳು ವರ್ಷ. ನಿಮ್ಮ ತಿಂಗಳ ಲೆಕ್ಕ ಸರಿಯಿಲ್ಲ, ಮೊದಲು ಮನೆಯಲ್ಲೇ ದಿನ ಗುರುತು ಮಾಡಿಕೊಂಡು ಪ್ರಯತ್ನಿಸಿ ಎಂದು ಡಾಕ್ಟರ್ ಹೇಳಿದ್ದರು. ಕಿಟ್ ತರಲು ಕೋಲಾರಕ್ಕೆ ಹೋಗುತ್ತಿದ್ದೆ. (ಮಾಲೂರಿನ ಮೆಡಿಕಲ್ ಸ್ಟೋರ್‌ನಲ್ಲಿ ಕೊಂಡರೆ ಸಂಜೆಯೊಳಗೆ ಸ್ಟಾಫ್ ರೂಮಿಗೆ ಸುದ್ದಿ.) ದಿಂಬಿನ ಪಕ್ಕ ಥರ್ಮಾಮೀಟರ್. ಎದ್ದು ಕೂರುವ ಮೊದಲೇ ಟೆಂಪರೇಚರ್ ನೋಡಬೇಕು, ಮೊಬೈಲಿನಲ್ಲಿ ಬರೆಯಬೇಕು. ನನ್ನ ಗಂಡ ಫ್ಯಾಕ್ಟರಿಯಲ್ಲಿ ಸುಳ್ಳು ಹೇಳಿ ಶಿಫ್ಟ್ ಬದಲಿಸಿಕೊಳ್ಳಬೇಕು. ಗಂಡ ಹೆಂಡತಿ ಹತ್ತಿರ ಬರುವುದಕ್ಕೂ ಟೈಮ್‌ಟೇಬಲ್ ಹಾಕಿದರೆ ಏನಾಗುತ್ತದೆ? ಕ್ರಮೇಣ ಅದೂ ಒಂದು ಡ್ಯೂಟಿ ಆಗುತ್ತದೆ.

ಹೀಗೇ ಒಂದು ವರ್ಷ ಕಳೆದಿರಬೇಕು. ಅತ್ತೆ ಮಾವ ಇದ್ದ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಫೋನ್ ಬಂತು. ತೋಟಕ್ಕೆ ಹೊರಟಿದ್ದ ಮಾವ ಬಾಗಿಲಲ್ಲೇ ಕುಸಿದಿದ್ದರು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಸರದಲ್ಲಿ ಕೈಗೆ ಸಿಕ್ಕ ಬ್ಯಾಗ್ ಎತ್ತಿಕೊಂಡು ಬಂದಿದ್ದೆ. ಬ್ರಷ್ಷು, ಪೇಸ್ಟಿನ ಜೊತೆ ಕಡ್ಡಿಗಳೂ ಅದರಲ್ಲೇ ಇದ್ದವು.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹಾಲು, ತುಪ್ಪ ಬಿಡುವ ದಿನ. ಮನೆ ತುಂಬ ನೆಂಟರು. ಬೆಳಿಗ್ಗೆ ಬಚ್ಚಲಿಗೆ ಹೋದವಳು ಅಭ್ಯಾಸಬಲದಿಂದ ಕಡ್ಡಿ ಅದ್ದಿದೆ. (ಯಾಕೆ ಅದ್ದಿದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.) ಎರಡು ಗೀಟೂ ಒಂದೇ ಸಮ ಗಾಢ. ನಾಲ್ಕು ತಿಂಗಳಿಂದ ಹಾಗೆ ಬಂದಿರಲಿಲ್ಲ. ನನಗೆ ಖುಷಿಯಾಯಿತು. ಸಾವಿನ ಮನೆಯ ಬಚ್ಚಲಲ್ಲಿ ನಿಂತು ನಾನು ಖುಷಿಪಟ್ಟೆ. ಮರುಕ್ಷಣವೇ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗೀಟು ಗಾಢವಾದ ಮೇಲೆ ಇರುವುದು ಒಂದೆರಡು ದಿನದ ಅವಕಾಶ. ಸೂತಕ ಕಳೆಯಲು ಇನ್ನೂ ಎಂಟು ದಿನ ಬೇಕು. ಕರ್ಮ ಮಾಡುವ ಮಗ ಅಲ್ಲಿಯವರೆಗೆ ಬೇರೆ ಚಾಪೆಯ ಮೇಲೆ ಮಲಗಬೇಕು. ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದರೆ ಎದುರಿಗೆ ಅತ್ತೆ. ಬರಿಯ ಹಣೆ. ಮೂರು ದಿನದಿಂದ ಅತ್ತು ಅತ್ತು ಊದಿದ ಮುಖ. ಕೈಚಾಚಿದರು. ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

ಹಾಲುತುಪ್ಪ ಮುಗಿದ ಮೇಲೆ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದರು. ನೆಂಟರು ಕೇಳಿದರೆ ಬಟ್ಟೆ ತರಲು ಮಾಲೂರಿಗೆ ಹೋದರು ಅನ್ನುತ್ತೇನೆ, ದೀಪ ಹಚ್ಚುವ ಹೊತ್ತಿಗೆ ಬನ್ನಿ ಎಂದರು. ನನ್ನ ಗಂಡ ಬೇಡಮ್ಮ ಅಂದರು. ಮನಸ್ಸು ಭಾರವಾದಾಗ ಅತ್ತೆಯ ಬಾಯಲ್ಲಿ ತೆಲುಗು ಬರುತ್ತದೆ.

"ನಿಮ್ಮಪ್ಪ ಇದ್ದಿದ್ರೆ ಬೇಡ ಅಂತಿರ್ಲಿಲ್ಲ ಕಣೋ. ಪಾಪಮೊಸ್ತೇ ನಾಕೇ ರಾನೀ. ಬಂದ್ರೆ ನನಗೇ ಬರ್ಲಿ. ಹೋಗಿ."

ಬೈಕಿನಲ್ಲಿ ಮಾಲೂರು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ನನ್ನ ಗಂಡ ಮಂಚದ ಕಡೆಗೇ ಬರಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ನಾನು ಹೋಗಿ ಕಿಟಕಿಯ ಪರದೆ ಎಳೆದೆ. ಹೌದು, ನಾನೇ ಎಳೆದೆ. ಇವತ್ತು ಬಿಟ್ಟರೆ ಮತ್ತೆ ಯಾವಾಗ ಬರುತ್ತೋ ಅಂತಲೂ ಹೇಳಿದೆ. ಅವರು ತಮ್ಮ ಬಲಗೈ ನೋಡಿಕೊಂಡರು.

"ಮೊನ್ನೆ ಅಪ್ಪನ ಬಾಯಿಗೆ ಅಕ್ಕಿ ಹಾಕಿದ ಕೈ ಕಣೇ ಇದು."

ಆಮೇಲೆ ಅತ್ತರು. ಅಪ್ಪ ಹೋದ ದಿನದಿಂದ ಒಂದು ಹನಿಯೂ ಹಾಕದವರು ಮಗುವಿನ ಹಾಗೆ ಬಿಕ್ಕಿದರು. ನನಗೆ ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಟ್ಟು ಏನಾಗಬೇಕು? ಸ್ವಲ್ಪ ಹೊತ್ತಾದ ಮೇಲೆ ಹೋಗಿ ಪಕ್ಕದಲ್ಲಿ ಕೂತೆ. ಎರಡು ಜೊತೆ ಬಟ್ಟೆ ತುಂಬಿಕೊಂಡು ವಾಪಸ್ ಹೊರಟೆವು. ಆವತ್ತು ಅತ್ತೆ ನಮ್ಮ ಮುಖ ನೋಡಲಿಲ್ಲ. ನಾಚಿಕೆಯಿರಬೇಕು ಅಂದುಕೊಂಡೆ.

ಆಮೇಲೆ ಅಷ್ಟು ಸ್ಪಷ್ಟವಾದ ಗೀಟು ಬರಲೇ ಇಲ್ಲ. ಟೆಸ್ಟ್ ಮಾಡಿಸಿದೆವು. ಅಂಡಗಳು ತೀರ ಕಡಿಮೆ ಉಳಿದಿವೆ, ಇನ್ನು ತಾನಾಗಿಯೇ ಗರ್ಭ ನಿಲ್ಲುವುದು ಕಷ್ಟ ಅಂದರು ಡಾಕ್ಟರ್. ಕಡ್ಡಿ ಹೇಳುವುದು ಯಾವಾಗ ಎಂದು. ಆಗುತ್ತದೋ ಇಲ್ಲವೋ ಎಂದಲ್ಲ. ಇದು ಕೊಳ್ಳುವಾಗ ಗೊತ್ತಿರಲಿಲ್ಲವಾ? ಗೊತ್ತಿತ್ತು.

ಮಾವ ಹೋಗಿ ಎರಡು ವರ್ಷವಾಯಿತು. ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಆಗಿನಿಂದಲೂ ಅತ್ತೆ ಸೋಮವಾರ ಒಪ್ಪತ್ತು ಮಾಡುತ್ತಾರೆ. ಮಾವನಿಗಾಗಿ ಇರಬೇಕು ಅಂತ ನಾನು ಕೇಳಿರಲಿಲ್ಲ. ಈಗ ವಯಸ್ಸಾಯಿತು, ಇನ್ನು ಬಿಡಿ ಅಂದೆ. ತಲೆ ಎತ್ತದೆ ಹೇಳಿದರು.

"ಆವತ್ತು ನಾನು ಕಳಿಸಬಾರ್ದಾಗಿತ್ತು ಕಣಮ್ಮಾ. ಸೂತಕ ಮುರಿಸ್ದೆ. ಪಾಪ ನನಗೆ ಬರ್ಲಿ ಅಂದೆ, ನಿನಗೆ ಬಂತು."

ಎರಡು ವರ್ಷ. ನಡೆಯದ ತಪ್ಪಿಗೆ ಎರಡು ವರ್ಷ ಉಪವಾಸ. ಅತ್ತೆಯ ಎದುರು ಸೊಸೆ ಆಡುವ ಮಾತಲ್ಲ ಅದು, ಆದರೂ ಆಡಿದೆ.

"ಆವತ್ತು ಏನೂ ಆಗ್ಲಿಲ್ಲ ಅತ್ತೆ. ಅವ್ರು ಅಳ್ತಾ ಕೂತಿದ್ರು. ಹಂಗೇ ವಾಪಸ್ ಬಂದ್ವಿ."

ಎದೆಯ ಮೇಲಿನ ಭಾರ ಇಳಿದು ಉಸಿರು ಬಿಡುತ್ತಾರೆ ಅಂದುಕೊಂಡಿದ್ದೆ. ಅತ್ತೆಯ ಕೈ ನಿಂತಿತು.

"ಹಂಗಾದ್ರೆ ಆ ದಿನಾನೂ ಹಂಗೇ ಹೋಯ್ತಾ?" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಾಡಿದ ಪಾಪಕ್ಕಾದರೆ ಒಪ್ಪತ್ತು ಉಂಟು. ಆಗದೇ ಹೋದದ್ದಕ್ಕೆ ಏನುಂಟು?