ಎರೆಯುವಾಕೆ ಹೇಳಿದ್ದು

ನನ್ನ ಮೊಮ್ಮಗಳಿಗೆ ಆಗ ಒಂದೂವರೆ ತಿಂಗಳು. ಕೂಸಿಗೆ ನೀರು ಎರೆಯಲು ತೇರಗಾಂವದಿಂದ ಬರುತ್ತಿದ್ದ ಮುದುಕಿ ಒಂದು ದಿನ ನನ್ನನ್ನು ಬಚ್ಚಲಿಗೆ ಕರೆದಳು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

"ಬಾಯಾರ, ಈ ಕೂಸು ಒದಿಯಂಗಿಲ್ರಿ. ಉಳಿದ ಕೂಸುಗಳು ಒದ್ದು ಒದ್ದು ನನ್ನ ಕಾಲು ನೋಯಸ್ತಾವ. ಇದು ಸುಮ್ನ ಮಲಗತೈತಿ. ಡಾಕ್ಟರಿಗೆ ತೋರಸ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಹಳಿಯಾಳದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳಿಗೆ ಈಕೆ ಪಾಠ ಮಾಡುವುದೇ? "ನಮ್ಮ ಮನ್ಯಾಗ ಮಕ್ಕಳು ಎಲ್ಲಾದಕ್ಕೂ ತಡಾನ. ಕೆಟ್ಟ ಬಾಯಿ ಹಾಕಬ್ಯಾಡ. ಬಾಣಂತಿ ಕಿವಿಗೆ ಬಿದ್ದರ ನೋಡು," ಎಂದೆ. ನನ್ನ ಮಗಳು ಒಳಕೋಣೆಯಲ್ಲಿ ಅಗ್ಗಿಷ್ಟಿಗೆಯ ಹತ್ತಿರ ಹೊದ್ದು ಮಲಗಿದ್ದಳು. ಮುದುಕಿ ಮತ್ತೆ ಆ ಮಾತು ಎತ್ತಲಿಲ್ಲ.

ನಾಲ್ಕು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಅಳುವ ದನಿಯೂ ಸಣ್ಣಗಾಯಿತು. ಆಗ ಧಾರವಾಡಕ್ಕೆ ಓಡಿದೆವು.

ರಕ್ತಪರೀಕ್ಷೆಯ ವರದಿ ಬಂದ ದಿನ ವೈದ್ಯೆ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಪ್ರತಿವರ್ಷ ನಾನೇ ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರ ಅದು. ಜೀವಕೋಶ ಜೀನಿನ ನಕಲು ತೆಗೆದು, ಅದನ್ನು ಕತ್ತರಿಸಿ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಜೋಡಿಸುತ್ತದೆ, ಅದೇ ಸ್ಪ್ಲೈಸಿಂಗ್. ಯಾವ ತುಂಡು ಉಳಿಯಬೇಕು, ಯಾವುದು ಹೋಗಬೇಕು ಎಂದು ನೋಡಿಕೊಳ್ಳಲು ಬೇರೆಯೇ ಪ್ರೋಟೀನುಗಳಿವೆ. ಕೆಲವು 'ಇರಲಿ' ಎನ್ನುತ್ತವೆ, ಕೆಲವು 'ಬೇಡ' ಎನ್ನುತ್ತವೆ. ಕೈಕಾಲು ಆಡಿಸುವ ಬೆನ್ನುಹುರಿಯ ನರಕೋಶಗಳನ್ನು ಕಾಯುವ ಜೀನ್ ನಮ್ಮ ಕೂಸಿನಲ್ಲಿ ಇರಲೇ ಇಲ್ಲ. ಅದರಂಥದೇ ಇನ್ನೊಂದು ಜೀನ್ ಇತ್ತು, ಆದರೆ ಅದರ ಒಂದು ಕಡೆ ಒಂದೇ ಒಂದು ಅಕ್ಷರ ಬೇರೆ. ಅಷ್ಟಕ್ಕೇ 'ಇರಲಿ' ಎನ್ನುವ ಪ್ರೋಟೀನಿಗೆ ಕೂರಲು ಜಾಗ ಸಿಗುವುದಿಲ್ಲ, 'ಬೇಡ' ಎನ್ನುವುದು ಬಂದು ಕೂರುತ್ತದೆ. ಬೇಕಾದ ತುಂಡೇ ಬಿದ್ದುಹೋಗುತ್ತದೆ, ನರಕೋಶಗಳು ಒಂದೊಂದಾಗಿ ಸಾಯುತ್ತವೆ.

ಆ ತುಂಡನ್ನು ಉಳಿಸುವ ಔಷಧಿ ಈಗ ಬಂದಿದೆ. ಬಾಯಿಗೆ ಹಾಕುವಂಥದ್ದು. ಅದೂ ಸಿಕ್ಕಿತು.

"ಆದ್ರ ಸತ್ತ ನರಕೋಶ ತಿರುಗಿ ಬರಂಗಿಲ್ರಿ," ಎಂದಳು ವೈದ್ಯೆ. "ಎರಡು ತಿಂಗಳ ಮೊದಲ ಬಂದಿದ್ರ ಭಾಳ ಚೊಲೊ ಆಗತಿತ್ತು. ಮನ್ಯಾಗ ಯಾರಿಗೂ ಏನೂ ಅನಸಲಿಲ್ಲೇನ್ರಿ?"

ಮಗಳು ನನ್ನ ಮುಖ ನೋಡಿದಳು. "ಇಲ್ರಿ," ಎಂದೆ.

ಮಗಳನ್ನು ನನ್ನ ಸ್ವಂತ ತಮ್ಮನಿಗೇ ಕೊಟ್ಟವಳು ನಾನು, ಸಂಬಂಧ ಹೊರಗೆ ಹೋಗಬಾರದೆಂದು. ನಮ್ಮ ಮನೆತನದ ಕೊರತೆ ಎರಡೂ ಕಡೆಯಿಂದ ಬಂದು ಕೂಸಿನಲ್ಲಿ ಕೂಡಿತು. ಆ ತಪ್ಪನ್ನು ಬಂದುಹೋದವರೆದುರೆಲ್ಲ ಹೇಳಿಕೊಂಡು ಅತ್ತಿದ್ದೇನೆ. "ಎಲ್ಲಾರೂ ಕೊಡ್ತಾರ, ನಿಮ್ಮೊಬ್ಬರದ ಏನ್ ತಪ್ಪು" ಎಂಬ ಸಮಾಧಾನವೂ ಸಿಕ್ಕಿದೆ. ಬಚ್ಚಲಿನ ಮಾತನ್ನು ಮಾತ್ರ ಯಾರಿಗೂ ಹೇಳಿಲ್ಲ.

ಈಗ ಕೂಸಿಗೆ ಹನ್ನೊಂದು ತಿಂಗಳು. ಕತ್ತು ನಿಂತಿದೆ, ಕೈಯಲ್ಲಿ ಗಿಲಕಿ ಹಿಡಿಯುತ್ತದೆ. ಕಾಲುಗಳು ಮಾತ್ರ ಇಟ್ಟಲ್ಲೇ ಇರುತ್ತವೆ. ಮುದುಕಿ ಈಗಲೂ ಎರೆಯಲು ಬರುತ್ತಾಳೆ. ಕಳೆದ ವಾರ ಮಗಳು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು:

"ಊರ ಕೂಸಿಗೆಲ್ಲಾ ಎರದೀಯಲ್ಲ ಆಯಿ, ನಿನಗೂ ಗೊತ್ತಾಗಲಿಲ್ಲೇನು?"

ನಾನು ಹಂಡೆಯಿಂದ ನೀರು ತೋಡುತ್ತಿದ್ದೆ. ಮುದುಕಿ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು.

"ಇಲ್ಲವ್ವಾ. ಓದಲಾರದಾಕಿ, ನನಗೇನ ತಿಳೀತೈತಿ."

"ಇಷ್ಟು ವರ್ಷ ಎರದು ಏನ್ ಬಂತು," ಎಂದು ಬೇಸರದಿಂದ ಹೇಳಿ ಮಗಳು ಒಳಗೆ ಹೋದಳು. ಮುದುಕಿ ಕೂಸಿನ ಕಾಲಿಗೆ ಎಣ್ಣೆ ಹಚ್ಚತೊಡಗಿದಳು. ನಾನು ತಂಬಿಗೆ ತುಂಬಿ ಆಕೆಯ ಕೈಗೆ ಕೊಟ್ಟೆ.