ಅಕ್ಕ ಎಳೆದ ಗೆರೆ

ಅಥವಾ ಅಕ್ಕನ ತೊಡೆಯ ಮೇಲೆ ಆಸ್ಪತ್ರೆಯವರು ಎಳೆದ ಆ ಗೆರೆ ನೇರಳೆ ಬಣ್ಣದ್ದೇ ಅಲ್ಲವೇನೋ. ಹಸಿರು ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ. ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಂಡೇ ಬರುತ್ತದೆ. ಬಲತೊಡೆ ಎನ್ನುವುದು ಮಾತ್ರ ಖಚಿತ, ಏಕೆಂದರೆ ಅಕ್ಕನಿಗೆ ಈಗ ಇಲ್ಲದಿರುವುದು ಆ ಕಾಲು.

ತೊಡೆಯ ಮಾಂಸದೊಳಗೆ ಗಡ್ಡೆ ಬೆಳೆದಿತ್ತು, ಕ್ಯಾನ್ಸರ್. ಮೊದಲು ಕೆಲವು ವಾರ ರೇಡಿಯೇಷನ್, ಆಮೇಲೆ ಆಪರೇಷನ್. ಹಾಗೆ ಮಾಡಿದರೆ ಕಾಲು ಉಳಿಸಿಕೊಳ್ಳಬಹುದು ಎಂದಿದ್ದರು ಮಂಗಳೂರಿನ ಡಾಕ್ಟರು. ಕಿರಣ ಎಲ್ಲಿ ಬೀಳಬೇಕೆಂದು ಚರ್ಮದ ಮೇಲೆ ಗೆರೆ ಎಳೆದು, ಉಜ್ಜಬೇಡಿ, ಅಳಿಸಿದರೆ ಬಂದ ಕೂಡಲೇ ಹೇಳಿ ಎಂದು ಕಳಿಸಿದ್ದರು.

ಶನಿವಾರ ಭಾನುವಾರ ಚಿಕಿತ್ಸೆ ಇಲ್ಲ, ಅಕ್ಕ ಗಂಡನ ಮನೆಗೆ ಬಂದಿದ್ದಳು. ಭಾನುವಾರ ಶೃಂಗೇರಿಯ ಮನೆಯಲ್ಲಿ ಅವಳ ಮಾವನ ಶ್ರಾದ್ಧ. ಅಕ್ಕನನ್ನು ನೋಡಲೆಂದು ನಾನು ನರಸಿಂಹರಾಜಪುರದಿಂದ ಹೋಗಿದ್ದೆ. ಬೆಳಿಗ್ಗೆ ಅವಳ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

“ಮೈ ತಿಕ್ಕಿ ಮೀಯದೆ ಮಡಿ ಅಡುಗೆಗೆ ಬರ್ಲಿಕ್ಕೆ ಆಗ್ತದಾ?”

“ತಲೆಗೆ ಹಾಕ್ಕೊಳ್ತೇನೆ ಅತ್ತೆ. ಕಾಲು ಉಜ್ಜಬಾರ್ದು ಅಂದಿದಾರೆ.”

“ಕರೆಂಟ್ ಕೊಡ್ಸ್ಕೊಂಡು ಬಂದವಳು. ನೀರು ತಾಗಿದ್ರೆ ಶಾಕ್ ಹೊಡೀತದಾ ಮಾರಾಯ್ತಿ?”

ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟ್ ಕೊಡುವುದು ಎನ್ನುತ್ತಾರೆ. ಜಗಲಿಯಲ್ಲಿದ್ದ ಭಾವ ನಕ್ಕರು. ಅತ್ತೆ ಒಳಗೆ ಹೋಗಿ ಸೀಗೆಪುಡಿ ಹಾಕಿ ತಾವೇ ತಿಕ್ಕಿದರು.

ಸಂಜೆ ನೋಡಿದರೆ ಗೆರೆ ಅರ್ಧ ಹೋಗಿತ್ತು. ಅಕ್ಕ ಬಾಲ್‌ಪೆನ್ ಹಿಡಿದು ಮಂಚದ ಮೇಲೆ ಕೂತಿದ್ದಳು. ಅಳಿಸಿದೆ ಎಂದರೆ ಮತ್ತೆ ಮೊದಲಿಂದ ಅಳತೆ ತೆಗೆಯುತ್ತಾರೆ, ದಿನ ಹೆಚ್ಚಾಗುತ್ತದೆ ಎಂಬ ಭಯ. ಇನ್ನು ತನಗೆ ರಜ ಸಿಗುವುದಿಲ್ಲ ಎಂದು ಭಾವ ಆಗಲೇ ಹೇಳಿದ್ದರು.

“ಇನ್ನೂ ಸ್ವಲ್ಪ ಮೇಲೆ ಇತ್ತಲ್ಲ,” ಎಂದರು ಭಾವ.

“ನೀವು ಯಾವತ್ತು ನೋಡಿದ್ರಿ?”

ಅವರು ಮೊಬೈಲ್ ತೆಗೆದುಕೊಂಡು ಹೊರಗೆ ಹೋದರು. ಅಕ್ಕ ಗೆರೆ ಎಳೆದಳು. ಕೈ ನಡುಗಿತು ಎಂದು ಬರೆದರೆ ಚೆಂದ. ನಡುಗಲಿಲ್ಲ.

ಆಪರೇಷನ್‌ನಲ್ಲಿ ಕಾಲು ಉಳಿಯಿತು. ಕಿರಣ ಬಿದ್ದ ಚರ್ಮ ಬೇಗ ಕೂಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಾಯ ತಿಂಗಳುಗಟ್ಟಲೆ ಒಸರಿತು. ಅತ್ತೆ ಅವಳ ಊಟವನ್ನು ಹಿತ್ತಿಲ ಬಾಗಿಲ ಬಳಿಗೆ ಹಾಕಿದರು.

“ಕಾಲು ಉಳೀತು ಅಂತ ಕುಣಿದ್ಯಲ್ಲ, ಈಗ ಆ ವಾಸನೆಯಲ್ಲೇ ಉಣ್ಣು.”

ಆಮೇಲೆ ಗಡ್ಡೆ ಹಳೆಯ ಜಾಗದ ಪಕ್ಕದಲ್ಲೇ ಮತ್ತೆ ಬಂತು. ಎರಡನೇ ಸಲ ಕಾಲನ್ನೇ ತೆಗೆದರು. ಎಲ್ಲ ಸರಿಯಾಗಿ ನಡೆದರೂ ಮರಳಿ ಬರುವುದುಂಟು ಎಂದರು ಡಾಕ್ಟರು. ಬಾಲ್‌ಪೆನ್ನಿನ ವಿಷಯ ಅವರಿಗೆ ಯಾರಾದರೂ ಹೇಳಿದ್ದರೇ?

ಆ ಸೋಮವಾರ ಮಿಷನ್ ಕೋಣೆಯೊಳಗೆ ಏನಾಯಿತೆಂದು ಅಕ್ಕನನ್ನೇ ಕೇಳಿದ್ದೇನೆ. ಟೆಕ್ನಿಷಿಯನ್ ನೋಡಿ, ಬೈದು, ಸರಿಮಾಡಿದ ಎಂದಳು ಒಮ್ಮೆ. ಯಾರೂ ನೋಡಲೇ ಇಲ್ಲ ಎಂದಳು ಇನ್ನೊಮ್ಮೆ. ಕೃತಕ ಕಾಲಿನ ಅಳತೆ ಕೊಡಲು ಕೊಪ್ಪದ ಶಿಬಿರಕ್ಕೆ ಹೋಗುವಾಗ ಬಸ್ಸಿನಲ್ಲಿ ಮತ್ತೆ ಕೇಳಿದೆ.

“ಯಾವ್ದು ನಿಜ ಅಂತ ಹೇಳಿದ್ರೆ ಕಾಲು ವಾಪಸ್ ತಂದ್ಕೊಡ್ತೀಯಾ?” ಎಂದಳು, ಮುಂದಿನ ಸೀಟಿನವರಿಗೂ ಕೇಳುವಂತೆ.

ಕಿರಣ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ.