ಕೊಪ್ಪದ ಕಲಾಮೇಳದಲ್ಲಿ ಸವಿತಾಳ ಅಮ್ಮ

ಶೃಂಗೇರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊಪ್ಪದ ಸಭಾಭವನವೊಂದರಲ್ಲಿ ಕಲಾಮೇಳ ನಡೆಯುತ್ತಿದೆ ಎಂದು ತಿಳಿದು ಒಳಗೆ ಹೋದೆ. ಮುತ್ತಿನಕೊಪ್ಪದ ಸವಿತಾ ಎಂಬ ಕಲಾವಿದೆಯ ಮಳಿಗೆಯಲ್ಲಿ ಇದ್ದಿಲಿನಲ್ಲಿ ಬರೆದ ಒಂದೇ ದೊಡ್ಡ ಚಿತ್ರವಿತ್ತು: ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ ಹೆಂಗಸು.

"ನಮ್ಮಮ್ಮ. ಕಾಡಿಗೆ ಒಣಗಿದ ದರಗೆಲೆ ಗುಡಿಸಕ್ಕೆ ಹೋಗ್ತಿದ್ರು. ಮಂಗನಕಾಯಿಲೆ ಬಂತು, ಉಳೀಲಿಲ್ಲ" ಎಂದಳು.

ಒಳ್ಳೆ ನಿದ್ದೆ ಮಾಡಿದ ಹಾಗೇ ಇದೆ ಎಂದು ಯಾರೋ ಮೆಚ್ಚಿಕೊಂಡರು. ಇನ್ನೊಬ್ಬರು ಚಿತ್ರದ ಜೊತೆ ಸೆಲ್ಫಿ ತೆಗೆದುಕೊಂಡರು.

ಅಷ್ಟರಲ್ಲಿ ತೋಟದ ಕೆಲಸಕ್ಕೆ ರಜೆ ಹಾಕಿ ಅವಳ ಅಪ್ಪ ಮಂಜಪ್ಪ ಬಂದರು. ಮಗಳ ಚಿತ್ರವನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಹತ್ತಿರ ಹೋಗಿ ಚಿತ್ರದ ಮುಖ ನೋಡಿದರು.

"ಕಣ್ಣು ಮುಚ್ಚಿ ಬರ್ದಿದೀಯಲ್ಲ ಮಗಾ. ಅವ್ಳು ಕಣ್ಣು ಬಿಟ್ಕಂಡೇ ಹೋದ್ಲಲ್ಲ."

"ಗೊತ್ತು ಅಪ್ಪ. ನೋಡೋರಿಗೆ ಕಷ್ಟ ಆಗ್ತದೆ ಅಂತ ಮುಚ್ಚಿದೆ."

"ಕಷ್ಟ ಆಗ್ಲಿ ಬಿಡು. ನಂಗೆ ದಿನಾ ಆ ಕಣ್ಣೇ ಕಾಣ್ತದೆ."

ಸವಿತಾ ಬಟ್ಟೆಯಿಂದ ಚಿತ್ರದ ರೆಪ್ಪೆಗಳನ್ನು ಒರೆಸಿ ಇದ್ದಿಲು ಕೈಗೆತ್ತಿಕೊಂಡಳು. ಚಿತ್ರದ ಹಲಗೆ ಅಲುಗದಂತೆ ಅಪ್ಪ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊದಲ ಕಣ್ಣು ತೆರೆದಾಗಲೇ ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ಪಕ್ಕದ ಮಳಿಗೆಗೆ ಸರಿದರು. ಎರಡನೆಯದೂ ಮುಗಿದ ಮೇಲೆ ಮಂಜಪ್ಪ ಹಿಂದೆ ಸರಿದು ನೋಡಿದರು.

"ಹ್ಞಾಂ, ಇವ್ಳೇ" ಎಂದವರು ಅಲ್ಲೇ ನೆಲದ ಮೇಲೆ ಕೂತರು. ಮಗಳೂ ಮಸಿಗೈಯಲ್ಲೇ ಅವರ ಪಕ್ಕ ಕೂತಳು. ಇಬ್ಬರೂ ಅಳಲಿಲ್ಲ, ಚಿತ್ರದಿಂದ ಮುಖ ತಿರುಗಿಸಲೂ ಇಲ್ಲ. ನನ್ನಿಂದ ನೋಡಲಾಗಲಿಲ್ಲ. ಹೊರಗೆ ಬಂದೆ.